ಅಮ್ಮ ಮದುವೆಗೆ ಯಾಕೆ ಬರಲಿಲ್ಲ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯ,

ನಿನ್ನ ತಂಗಿಯ ಮದುವೆಗೆ ಅಮ್ಮ ಯಾಕೆ ಬರಲಿಲ್ಲ ಅಂತ ಕೇಳಿದಾಗ "ಮಂಡಿನೋವು ಕಣೋ" ಅಂದಿದ್ದೆ. ಅದು ಸುಳ್ಳು. ಅಮ್ಮನ ಮಂಡಿ ನಮ್ಮಿಬ್ಬರ ಮಂಡಿಗಿಂತ ಗಟ್ಟಿಯಾಗಿದೆ. ಛತ್ರದಲ್ಲಿ ಊಟದ ಹಾಲ್ ಮೇಲಿನ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಇಪ್ಪತ್ತು ಚಿಲ್ಲರೆ ಮೆಟ್ಟಿಲು. ಅಷ್ಟೇ ಕಾರಣ. ಅದನ್ನು ಹೇಳೋಕೆ ಅಮ್ಮನಿಗೆ ನಾಚಿಕೆ, ನನಗೂ ಏನೋ ಸಂಕೋಚ. ಈಗ ಗೃಹಪ್ರವೇಶಕ್ಕೆ ಕರೆದಿದ್ದೀಯ. ಈ ಸಲ ನೆಪ ಹೇಳುವುದು ಬೇಡ ಅಂತ ಕೂತು ಬರೆಯುತ್ತಿದ್ದೇನೆ.

ಅಮ್ಮನಿಗೆ ಸಿಓಪಿಡಿ ಇದೆ. ಶ್ವಾಸನಾಳಗಳು ಸಣ್ಣಗಾಗಿ, ಒಳಗೆ ಹೋದ ಗಾಳಿ ಸಲೀಸಾಗಿ ಹೊರಗೆ ಬರದ ಕಾಯಿಲೆ. ವಾಸಿ ಆಗುವುದಿಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2021ರಲ್ಲಿ ಜಗತ್ತಿನಲ್ಲಿ 35 ಲಕ್ಷ ಜನ ಇದರಿಂದ ಸತ್ತರು. ಬೀಡಿ ಸೇದುವವರ ಕಾಯಿಲೆ ಅಂತ ನಾನೂ ತಿಳಿದಿದ್ದೆ. ಅಮ್ಮ ಜೀವನದಲ್ಲಿ ಬೀಡಿ ಮುಟ್ಟಿದವಳಲ್ಲ. ಅವಳು ಸೇದಿದ್ದು ಒಲೆಯ ಹೊಗೆ.

ನಂಜನಗೂಡಿನ ಹತ್ತಿರದ ನಮ್ಮ ಹಳೇ ಮನೆಯ ಅಡುಗೆಮನೆ ನೆನಪಿದೆಯಾ? ಕಿಟಕಿ ಅನ್ನುವುದು ಒಂದು ಗೇಣು. ಜಂತೆಯಿಂದ ಇಲ್ಲಣ ಜೋತು ಬೀಳುತ್ತಿತ್ತು. ಹಸಿ ತೆಂಗಿನ ಮಟ್ಟೆ ಹಾಕಿದ ದಿನ ನಾವು ಕಣ್ಣು ಉಜ್ಜಿಕೊಂಡು ಜಗಲಿಗೆ ಓಡುತ್ತಿದ್ದೆವು. ಅಮ್ಮ ಓಡುವ ಹಾಗಿರಲಿಲ್ಲ, ಮುದ್ದೆ ತಿರುವಬೇಕಿತ್ತು.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನವರು ಇದೇ ಸೀಮೆಯ ಹಳ್ಳಿಗಳ ಹೆಂಗಸರನ್ನು ನೋಡಿ ಬರೆದದ್ದನ್ನು ಆಮೇಲೆ ಓದಿದೆ. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಅನ್ನುವುದನ್ನು ಎಷ್ಟು ವರ್ಷ ಅನ್ನುವುದರಿಂದ ಗುಣಿಸಬೇಕು. ಆ ಸಂಖ್ಯೆ 60 ದಾಟಿದರೆ ಬಿಡದ ಕೆಮ್ಮು-ಕಫದ ಅಪಾಯ ಎದ್ದು ಕಾಣುತ್ತದೆ. ಅಮ್ಮನದು ದಿನಕ್ಕೆ 4 ಗಂಟೆ, 32 ವರ್ಷ. 128. ಕ್ಯಾಲ್ಕುಲೇಟರ್ ಬೇಕಾಗಲಿಲ್ಲ. ಲೆಕ್ಕ ಹಾಕಿ ಸುಮ್ನೆ ಕೂತಿದ್ದೆ.

ನಿಮ್ಮ ಮನೆಯಲ್ಲಿ ಅಸ್ತ್ರ ಒಲೆ ಹಾಕಿಸಿದ್ದರಲ್ಲ, ಹೊಗೆಕೊಳವೆ ಇದ್ದ ಮೂರು ಪಾತ್ರೆಯ ಒಲೆ? ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1974ರಲ್ಲಿ ಶುರುವಾದ 'ಅಸ್ತ್ರ' ವಿಭಾಗದವರು ಮಾಡಿದ್ದು. ನಮ್ಮ ಅಪ್ಪ "ಇರೋ ಒಲೆ ಚೆನ್ನಾಗೇ ಉರೀತಿದೆ" ಅಂದುಬಿಟ್ಟರು. ಅವರೇನು ಊದುತ್ತಿದ್ದರಾ? ಗ್ಯಾಸ್ ಬಂದ ಮೇಲೂ ಹಂಡೆ ಒಲೆ ಬಿಡಲಿಲ್ಲ ಬಿಡು.

ಕೆಮ್ಮು ಶುರುವಾಗಿ ಎಷ್ಟೋ ವರ್ಷ ಅದು 'ಅಲರ್ಜಿ' ಆಗಿಯೇ ಇತ್ತು. ಸಿರಪ್ ಮೇಲೆ ಸಿರಪ್. ಕೊನೆಗೆ ಒಬ್ಬರು ಮಷೀನಿಗೆ ಊದಿಸಿ ನೋಡಿದರು. ಹೆಸರು ಸಿಕ್ಕಿತು.

ನಾನು ಹೇಳಬೇಕು ಅಂದುಕೊಂಡಿದ್ದು ಅದಕ್ಕಿಂತ ಆಮೇಲಿನದು. ಡಾಕ್ಟರು ಕನ್ನಡದಲ್ಲಿ ಎಂಟು ಪ್ರಶ್ನೆ ಇದ್ದ ಒಂದು ಹಾಳೆ ಕೊಟ್ಟರು. ಕೆಮ್ಮು, ಕಫ, ಎದೆ ಬಿಗಿತ, ಮೆಟ್ಟಿಲು, ಮನೆಗೆಲಸ, ಮನೆಯಿಂದ ಹೊರಗೆ ಹೋಗುವ ಧೈರ್ಯ, ನಿದ್ದೆ, ಶಕ್ತಿ. ಒಂದೊಂದಕ್ಕೂ 0ರಿಂದ 5. ಒಟ್ಟು 40, ಜಾಸ್ತಿ ಬಂದಷ್ಟೂ ಕಷ್ಟ ಜಾಸ್ತಿ. ಕೆಮ್ಮಿಗೆ ಅಮ್ಮ 2 ಅಂದಳು, ಕಫಕ್ಕೂ 2. ಧೈರ್ಯದ ಪ್ರಶ್ನೆ ಬಂದಾಗ ನನ್ನ ಮುಖ ನೋಡಿದಳು. "ನೀನು ಆಚೆ ಹೋಗಿರು" ಅಂದಳು. ಹೋದೆ. ವಾಪಸ್ ಬಂದಾಗ ಅದಕ್ಕೆ 5 ಹಾಕಿತ್ತು.

ನಾನು ಅವಳ ಜೊತೆಗೇ ಇರುವವನು ಕಣೋ. ನನಗೆ ಗೊತ್ತೇ ಇರಲಿಲ್ಲ. ಆಮೇಲೆ ಒಂದೊಂದೇ ನೆನಪಾಗತೊಡಗಿತು. ಸಂತೆಗೆ ಹೋಗುವುದು ಬಿಟ್ಟಿದ್ದಳು, "ತರಕಾರಿ ಮನೆ ಬಾಗಿಲಿಗೇ ಬರುತ್ತಲ್ಲ" ಅಂತ. ಚಾಮುಂಡಿ ಬೆಟ್ಟಕ್ಕೆ ಕಾರಿನಲ್ಲಿ ಹೋಗೋಣ ಅಂದರೂ "ಆಷಾಢದಲ್ಲಿ ರಶ್ಶು ಬೇಡ" ಅನ್ನುತ್ತಿದ್ದಳು. ಕಾರ್ತೀಕದಲ್ಲೂ ಬೇಡ. ಅಷ್ಟುದ್ದ ಕೂದಲನ್ನು ಹೆಗಲವರೆಗೆ ಕತ್ತರಿಸಿಕೊಂಡಾಗ "ಉದುರುತ್ತೆ" ಅಂದಿದ್ದಳು. ನಿಜ ಏನು ಗೊತ್ತಾ? ಜಡೆ ಹಾಕೋಕೆ ಎರಡೂ ಕೈ ಎತ್ತಿ ಹಿಡಿದರೆ ಉಸಿರು ಸಿಗುತ್ತಿರಲಿಲ್ಲ. ಇಂಥವರಿಗೆ ಕುತ್ತಿಗೆ, ಹೆಗಲಿನ ಸ್ನಾಯುಗಳೂ ಉಸಿರಾಟಕ್ಕೆ ಕೈಜೋಡಿಸುತ್ತವಂತೆ. ಕೈ ಮೇಲೆತ್ತಿದರೆ ಅವು ಬೇರೆ ಕೆಲಸಕ್ಕೆ ಹೋದ ಹಾಗೆ. ಮೂರು ವರ್ಷದಿಂದ 'ಬೇಡ', 'ಬೇಡ' ಅನ್ನುತ್ತಿದ್ದಳು, ನಾನು ಅದನ್ನು ವಯಸ್ಸಿನ ವೈರಾಗ್ಯ ಅಂತ ತಿಳಿದಿದ್ದೆ.

ನಾನು ಮಾಡಿದ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಕಾಯಿಲೆ ಗೊತ್ತಾದ ಮೇಲೆ ಅವಳನ್ನು ಕೂರಿಸಿಬಿಟ್ಟೆ. ಕಾಫಿ ಕೈಗೆ, ತಟ್ಟೆ ಕೈಗೆ, ನೀರು ಕೈಗೆ. ಎರಡು ತಿಂಗಳಲ್ಲಿ ಬಚ್ಚಲಿಗೆ ಹೋಗಿ ಬರುವುದೂ ಕಷ್ಟವಾಯಿತು. ಏದುಸಿರು ಬರುತ್ತೆ ಅಂತ ನಡೆಯದೆ ಇದ್ದರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಕಾಲು ನಾಲ್ಕು ಹೆಜ್ಜೆಗೇ ಜಾಸ್ತಿ ಉಸಿರು ಕೇಳುತ್ತದೆ. ಇದನ್ನು ಫಿಸಿಯೋಥೆರಪಿ ಮಾಡುವ ಹುಡುಗಿ ನನಗೆ ಬೈದೇ ಹೇಳಿದಳು.

ಅವಳ ಹತ್ತಿರ ಎಂಟು ವಾರ ಹೋದೆವು. ಮೊದಲ ದಿನ 30 ಮೀಟರ್ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿದಳು. ಅಮ್ಮ ಮೂರು ಸಲ ಗೋಡೆ ಹಿಡಿದು ನಿಂತು 210 ಮೀಟರ್ ನಡೆದಳು. ಆಮೇಲೆ ಉಸಿರು ಬಿಡುವುದನ್ನು ಕಲಿಸಿದಳು. ಮೂಗಿನಿಂದ ಎಳೆದುಕೊಂಡು, ತುಟಿ ಚೂಪು ಮಾಡಿ, ನಿಧಾನಕ್ಕೆ, ಎಳೆದುಕೊಂಡದ್ದರ ಎರಡರಷ್ಟು ಹೊತ್ತು ಬಿಡಬೇಕು. "ಕೊಳವೆಯಲ್ಲಿ ಊದಿದ ಹಾಗೆ ಅಜ್ಜಿ" ಅಂದಳು. ಅಮ್ಮ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. "ಮೂವತ್ತು ವರ್ಷ ಊದುಗೊಳವೆ ಊದಿಯೇ ಹಿಂಗಾಗಿದ್ದು, ಇನ್ನೂ ಊದಬೇಕಾ?" ಪಾಪ ಆ ಹುಡುಗಿಗೆ ಊದುಗೊಳವೆ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ.

ಎಂಟು ವಾರ ಆದ ಮೇಲೆ 265 ಮೀಟರ್. ಸುಮಾರು 30 ಮೀಟರ್ ಹೆಚ್ಚಾದರೇ ಒಳ್ಳೆ ಬದಲಾವಣೆ ಅಂತೆ. ಆ ಎಂಟು ಪ್ರಶ್ನೆಯ ಹಾಳೆಯಲ್ಲಿ 26 ಇದ್ದದ್ದು 19ಕ್ಕೆ ಇಳಿಯಿತು. ಮಷೀನಿಗೆ ಊದಿಸಿದರೆ ಮಾತ್ರ ಹೆಚ್ಚುಕಮ್ಮಿ ಮೊದಲಿನ ಸಂಖ್ಯೆಯೇ. ಶ್ವಾಸಕೋಶ ಹಾಗೇ ಇದೆ, ಆದರೂ ಈಗ ಬೀದಿ ಕೊನೆಯ ಗಣಪತಿ ಗುಡಿಗೆ ಒಬ್ಬಳೇ ಹೋಗಿ ಬರುತ್ತಾಳೆ.

ಆಕ್ಸಿಜನ್ ಮಷೀನ್ ಕಳಿಸಲಾ ಅಂತ ಕೇಳಿದ್ದೆಯಲ್ಲ, ಕೊರೋನಾ ಟೈಮಿನಲ್ಲಿ ನಿಮ್ಮ ಮಾವನಿಗೆ ತಂದದ್ದು. ಬೇಡ. ಇದು ಅಮ್ಮನ 'ಬೇಡ' ಅಲ್ಲ, ಡಾಕ್ಟರದ್ದು. ಸುಮ್ಮನೆ ಕೂತಿರುವಾಗಲೂ ಬೆರಳಿನ ಮೀಟರಿನಲ್ಲಿ ಆಕ್ಸಿಜನ್ ಶೇಕಡಾ 88 ಅಥವಾ ಅದಕ್ಕಿಂತ ಕೆಳಗೇ ನಿಂತವರಿಗೆ, ರಕ್ತ ಪರೀಕ್ಷೆ ಮಾಡಿ, ದಿನಕ್ಕೆ 15 ಗಂಟೆಯಾದರೂ ಕೊಡುತ್ತಾರೆ. ಅಮ್ಮನದು 94. ಹಾಗಿದ್ದೂ ಏದುಸಿರು ಯಾಕೆ ಅಂದರೆ, ಹಳೇ ಗಾಳಿ ಪೂರ್ತಿ ಹೊರಗೆ ಹೋಗದೆ ಒಳಗೇ ತುಂಬಿಕೊಂಡು ಹೊಸ ಗಾಳಿಗೆ ಜಾಗ ಇರುವುದಿಲ್ಲ. ಅದಕ್ಕೇ ಬಿಡುವುದನ್ನು ಕಲಿಸಿದ್ದು. ಮುಖಕ್ಕೆ ಒಂದು ಬೀಸಣಿಗೆ ಬೀಸಿದರೂ ಎಷ್ಟೋ ಹಾಯೆನಿಸುತ್ತದೆ. ಈಗ ಅವಳ ಕೈಚೀಲದಲ್ಲಿ ಇನ್‌ಹೇಲರ್, ಅದರ ಪ್ಲಾಸ್ಟಿಕ್ ಡಬ್ಬಿ, ಒಂದು ಬೀಸಣಿಗೆ ಯಾವಾಗಲೂ ಇರುತ್ತವೆ. ಇನ್‌ಹೇಲರ್ ಚಟ ಆಗುತ್ತೆ ಅಂತ ಯಾರೋ ಹೆದರಿಸಿದ್ದರು. ಆ ಹೆದರಿಕೆ ಬಿಡಿಸೋಕೆ ಒಂದು ತಿಂಗಳು ಹಿಡಿಯಿತು.

ಎಲ್ಲ ದಿನ ಹೀಗೇ ಅಲ್ಲ. ಹೋದ ಡಿಸೆಂಬರಿನಲ್ಲಿ ನೆಗಡಿ ಎದೆಗಿಳಿದು ಐದು ದಿನ ಆಸ್ಪತ್ರೆಯಲ್ಲಿದ್ದಳು. ಆಗ ಕಳೆದುಕೊಂಡ ಶಕ್ತಿ ಯುಗಾದಿಯವರೆಗೂ ಪೂರ್ತಿ ವಾಪಸ್ ಬಂದಿರಲಿಲ್ಲ. ರಾತ್ರಿ ಎರಡು ಗಂಟೆಗೆ ಮಂಚದ ಅಂಚಿನಲ್ಲಿ, ಮಂಡಿಯ ಮೇಲೆ ಕೈ ಊರಿ ಬಗ್ಗಿ ಕೂತಿರುತ್ತಿದ್ದಳು. ಆಗ ಮಾತಾಡಿಸಬಾರದು. ಉತ್ತರ ಕೊಡೋಕೂ ಉಸಿರು ಬೇಕಲ್ಲ. ಪಕ್ಕದಲ್ಲಿ ಕೂತು ಕಿಟಕಿ ತೆಗೆಯುತ್ತಿದ್ದೆ, ಅಷ್ಟೇ.

ಈಗ ಗೃಹಪ್ರವೇಶದ ವಿಷಯ. ಹೋಮಕ್ಕೆ ನಾವು ಬರುವುದಿಲ್ಲ, ತಪ್ಪು ತಿಳಿಯಬೇಡ. ಹೊಗೆ ಎಲ್ಲ ಇಳಿದ ಮೇಲೆ ಹನ್ನೊಂದೂವರೆಗೆ ಬರುತ್ತೇವೆ. ಬಾಗಿಲ ಹತ್ತಿರ, ಗಾಳಿ ಆಡುವ ಕಡೆ ಒಂದು ಕುರ್ಚಿ ಇರಲಿ. ಊದುಬತ್ತಿ ಸ್ವಲ್ಪ ದೂರ ಇಡಿಸು. ಬಡಿಸುವವರಿಗೆ ಸ್ವಲ್ಪ ಸ್ವಲ್ಪವೇ ಹಾಕಲು ಹೇಳು, ಹೊಟ್ಟೆ ಬಿರಿಯ ಉಂಡರೆ ಅದು ಎದೆಯನ್ನು ಮೇಲಕ್ಕೆ ಒತ್ತುತ್ತದೆ. "ಇಷ್ಟೇನಾ ಊಟ" ಅಂತ ಯಾರೂ ಬಲವಂತ ಮಾಡುವುದು ಬೇಡ.

ನೀನು ಮೇಲಿನ ಮಹಡಿ ತೋರಿಸೋಕೆ ಕರೆಯುತ್ತೀಯ, ಗೊತ್ತು. ಅಮ್ಮ "ಬೇಡಪ್ಪ, ಇಲ್ಲೇ ಚೆನ್ನಾಗಿದೆ" ಅಂತಾಳೆ. ನಂಬಬೇಡ. ಮೆಟ್ಟಿಲು ತಿರುಗುವ ಕಡೆ ಇನ್ನೊಂದು ಕುರ್ಚಿ ಹಾಕಿಸಿ ಮತ್ತೆ ಕರಿ.

ಇಂತಿ,
ನಿನ್ನ ಗೆಳೆಯ