ಋಣ ಉತ್ತರವನ್ನು ಹೊಡೆದುಹಾಕುವ ಮುನ್ನ

ಮಾನ್ಯರೇ,

ಹತ್ತನೇ ತರಗತಿಯ ಮೊಮ್ಮಗಳು ಮೊನ್ನೆ ಒಂದು ಲೆಕ್ಕ ತಂದಳು. 15 ಮೀಟರ್ ಎತ್ತರದ ತಾರಸಿಯಿಂದ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚೆಂಡನ್ನು ನೇರ ಮೇಲಕ್ಕೆ ಎಸೆದರೆ ನೆಲಕ್ಕೆ ಬೀಳುವುದು ಯಾವಾಗ? ಗುರುತ್ವ ವೇಗೋತ್ಕರ್ಷವನ್ನು 10 ಎಂದಿಟ್ಟು, ಕಾಲವನ್ನು 'ಕ' ಎಂದರೆ, ಕ² − 2ಕ − 3 = 0. ಮೂಲಗಳು 3 ಮತ್ತು −1. ಅವಳ ಗೈಡಿನಲ್ಲಿ 'ಕಾಲ ಋಣವಾಗಿರಲಾರದು, ಬಿಟ್ಟುಬಿಡಿ' ಎಂದಷ್ಟೇ ಇದೆ.

"ತಾತ, ಬಿಡೋದೇ ಆದ್ರೆ ಅದು ಬಂದಿದ್ಯಾಕೆ?" ಎಂದಳು. ಸುಳ್ಳೇಕೆ ಹೇಳಲಿ, 31 ವರ್ಷ ನಾನೂ ಮಕ್ಕಳ ಕೈಲಿ ಅದನ್ನು ಹೊಡೆಸಿದವನೇ.

ಸಮೀಕರಣಕ್ಕೆ ತಾರಸಿಯ ಸುದ್ದಿ ಗೊತ್ತಿಲ್ಲ. 1 ಸೆಕೆಂಡ್ ಮೊದಲೇ ಯಾರಾದರೂ ನೆಲದಿಂದ 20 ಮೀಟರ್ ವೇಗದಲ್ಲಿ ಎಸೆದಿದ್ದರೂ, ಚೆಂಡು ಇದೇ ಹೊತ್ತಿಗೆ, ಇದೇ 10ರ ವೇಗದಲ್ಲಿ ತಾರಸಿಯನ್ನು ದಾಟುತ್ತಿತ್ತು. −1 ಹೇಳುವುದು ಅದನ್ನೇ. ಎರಡು ಮೂಲಗಳ ನಟ್ಟನಡುವೆ, ಅಂದರೆ ಎಸೆದ 1 ಸೆಕೆಂಡಿಗೆ, ಚೆಂಡು 20 ಮೀಟರ್ ಎತ್ತರದ ತುದಿಯಲ್ಲಿರುತ್ತದೆ. ಗೈಡ್ ಬರೆಯುವವರು ಇದಕ್ಕೆ ಎರಡು ಸಾಲು ಕೊಡಬಾರದೇ?

ನಿಂಬೆಹಣ್ಣು ಎಸೆದು ನೋಡೋಣವೆಂದು ನಾವಿಬ್ಬರೂ ತಾರಸಿ ಹತ್ತಿದೆವು. ಕೊಬ್ಬರಿ ಒಣಹಾಕಿದ್ದ ಸೊಸೆ ಕೆಳಗಟ್ಟಿದಳು.

– ನಿವೃತ್ತ ಗಣಿತ ಶಿಕ್ಷಕ, ತಿಪಟೂರು