ಕಿಟ್ ಕೊಳ್ಳುವ ಮುನ್ನ ಮನೆತನ ಕೇಳಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ದೊಡ್ಡ ಕರುಳು ಮತ್ತು ಗುದನಾಳದ ಕ್ಯಾನ್ಸರ್ ತಪಾಸಣೆಯನ್ನು ಯಾರಿಂದ ಶುರುಮಾಡಬೇಕು ಎಂಬ ಬಗ್ಗೆ

ಮಾನ್ಯರೇ,

ಬಾಯಿ, ಸ್ತನ, ಗರ್ಭಕಂಠ, ಈ ಮೂರರ ಕ್ಯಾನ್ಸರ್ ತಪಾಸಣೆ 30 ದಾಟಿದವರಿಗೆ ಸರ್ಕಾರಿ ಕಾರ್ಯಕ್ರಮದಲ್ಲಿದೆ. ದೊಡ್ಡ ಕರುಳಿನದು ಇಲ್ಲ. ಅದನ್ನೂ ಸೇರಿಸಿ ಊರೂರಿಗೆ ಮಲಪರೀಕ್ಷೆಯ ಕಿಟ್ ಹಂಚೋಣ ಎಂಬ ಕಡತ ನಿಮ್ಮ ಮೇಜಿಗೆ ಬಂದರೆ ಅವಸರದಲ್ಲಿ ಸಹಿ ಹಾಕಬೇಡಿ.

ಕಿಟ್ ಕೆಟ್ಟದ್ದೆಂದಲ್ಲ. 1993ರಲ್ಲಿ ಪ್ರಕಟವಾದ ಅಮೆರಿಕದ ಮಿನ್ನೆಸೋಟಾ ಅಧ್ಯಯನದಲ್ಲಿ, ವರ್ಷಕ್ಕೊಮ್ಮೆ ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಪರೀಕ್ಷಿಸಿದ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವು ಶೇಕಡ 33ರಷ್ಟು ತಗ್ಗಿತು. ಆದರೆ ತಗ್ಗಿಸಿದ್ದು ಕಿಟ್ ಒಂದೇ ಅಲ್ಲ, ಪಾಸಿಟಿವ್ ಬಂದವರಿಗೆ ಆದ ಕೊಲೊನೊಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಕೊಳವೆ ತೂರಿಸಿ ಕರುಳು ನೋಡುವ ಪರೀಕ್ಷೆ. ನಮ್ಮ ಲೆಕ್ಕ ಹಾಕಿ ನೋಡಿ. ಒಂದು ತಾಲ್ಲೂಕಿನಲ್ಲಿ 20,000 ಜನರಿಗೆ ಕಿಟ್ ಕೊಟ್ಟು, ನೂರಕ್ಕೆ 5 ಪಾಸಿಟಿವ್ ಬಂದರೂ 1,000 ಕೊಲೊನೊಸ್ಕೋಪಿ ಮಾಡಬೇಕು. ಜಿಲ್ಲಾಸ್ಪತ್ರೆಯ ಒಬ್ಬ ವೈದ್ಯರು ವಾರಕ್ಕೆ 20 ಮಾಡಿದರೆ 50 ವಾರ. ಪಾಸಿಟಿವ್ ಬಂದ ಮೇಲೆ 10 ತಿಂಗಳು ದಾಟಿ ತಡವಾದವರಲ್ಲಿ ಕ್ಯಾನ್ಸರ್ ಹೆಚ್ಚೆಂದು ಅಮೆರಿಕದ ಅಧ್ಯಯನವೊಂದು ಆಗಲೇ ತೋರಿಸಿದೆ. ಮೇಲಾಗಿ ಭಾರತದಲ್ಲಿ ಈ ಕ್ಯಾನ್ಸರ್‌ನ ಪ್ರಮಾಣ ಲಕ್ಷಕ್ಕೆ ಒಂದಂಕಿಯಲ್ಲಿದೆ. ಪಶ್ಚಿಮದ ಅನೇಕ ದೇಶಗಳಲ್ಲಿ 30ರ ಮೇಲೆ. ಅವರ ಬಲೆ ನಮ್ಮ ಕೆರೆಗೆ ದೊಡ್ಡದಾಯಿತು. ನಮಗೆ ಬೇಕಿರುವುದು ಮೀನು ಎಲ್ಲಿದೆ ಎಂದು ತಿಳಿದು ಹಾಕುವ ಗಾಳ.

ಆ ಜಾಗ ತೋರಿಸಿದವರು ಹೆನ್ರಿ ಲಿಂಚ್. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ 1960ರ ದಶಕದ ಆರಂಭದಲ್ಲಿ ರೋಗಿಯೊಬ್ಬ, ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನ ಕ್ಯಾನ್ಸರ್‌ನಲ್ಲೇ ಹೋಗುತ್ತಾರೆ, ನಾನೂ ಹೋಗುತ್ತೇನೆ ಎಂದದ್ದನ್ನು ಅವರು ಗಂಭೀರವಾಗಿ ತೆಗೆದುಕೊಂಡರು. ಮನೆಮನೆ ಸುತ್ತಿ ಮೂರು ನಾಲ್ಕು ತಲೆಮಾರಿನ ಪಟ ಬರೆದರು. 1966ರಲ್ಲಿ ಅಂಥ ಎರಡು ಕುಟುಂಬಗಳ ವಿವರ ಪ್ರಕಟಿಸಿದಾಗ ಕ್ಯಾನ್ಸರ್ ವಂಶದಲ್ಲಿ ಹರಿಯುತ್ತದೆಂದು ನಂಬುವವರು ಕಡಿಮೆ; ಸಂಶೋಧನೆಗೆ ಹಣ ಕೇಳಿದ ಅರ್ಜಿ ಹಲವು ಬಾರಿ ವಾಪಸು ಬಂತು. 1993-94ರಲ್ಲಿ ಎಂಎಸ್‌ಎಚ್2, ಎಂಎಲ್‌ಎಚ್1 ಜೀನ್‌ಗಳು ಸಿಕ್ಕ ಮೇಲೆ ಬಾಯಿಗಳು ಮುಚ್ಚಿದವು. ವಂಶದಲ್ಲಿ ಹರಿಯುವ ಈ ಕಾಯಿಲೆಗೆ ಇಂದು ಲಿಂಚ್ ಸಿಂಡ್ರೋಮ್ ಎಂದು ಹೆಸರು. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಿನಲ್ಲಾಗುವ ತಪ್ಪನ್ನು ತಿದ್ದುವ ಇಂಥ ಜೀನ್‌ಗಳಲ್ಲೊಂದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. ಸಾಮಾನ್ಯವಾಗಿ ಪಾಲಿಪ್ ಎಂಬ ಗುಳ್ಳೆ ಕ್ಯಾನ್ಸರ್ ಆಗಲು 10 ವರ್ಷ ಹಿಡಿದರೆ, ಇವರಲ್ಲಿ ಒಂದರಿಂದ ಮೂರು ವರ್ಷ ಸಾಕು. ಇವರಲ್ಲಿ ಬರುವ ಗರ್ಭಕೋಶದ ಕ್ಯಾನ್ಸರ್ ಕೂಡ ಇದೇ ಜೀನ್‌ನ ಕೈವಾಡ.

ಫಿನ್ಲೆಂಡಿನಲ್ಲಿ ಇಂಥ 22 ಕುಟುಂಬಗಳನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿಸಿಕೊಂಡ 133 ಜನರಲ್ಲಿ 8 ಮಂದಿಗೆ ಕ್ಯಾನ್ಸರ್ ಬಂತು, ಮಾಡಿಸದ 119 ಜನರಲ್ಲಿ 19 ಮಂದಿಗೆ. ಈಗ ಎರಡು ತಪಾಸಣೆಗಳ ನಡುವಿನ ಅಂತರ ಇನ್ನೂ ಕಿರಿದಾಗಿದೆ: ಎಂಎಲ್‌ಎಚ್1, ಎಂಎಸ್‌ಎಚ್2 ಕೆಟ್ಟವರಿಗೆ 20-25ನೇ ವಯಸ್ಸಿನಿಂದಲೇ ಒಂದೆರಡು ವರ್ಷಕ್ಕೊಮ್ಮೆ.

ಇವರನ್ನು ಹುಡುಕಲು ಹಳ್ಳಿಗೆ ಹೋಗುವ ಮೊದಲು ಆಪರೇಷನ್ ಥಿಯೇಟರ್‌ನಿಂದ ಹೊರಬರುವ ಬಾಟಲಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಪ್ರತಿ ಕರುಳಿನ ಕ್ಯಾನ್ಸರ್ ಗಡ್ಡೆಗೂ ಈ ತಿದ್ದುವ ಜೀನ್‌ಗಳ ನಾಲ್ಕು ಪ್ರೋಟೀನ್‌ಗಳ ಇಮ್ಯುನೋ ಸ್ಟೇನ್ (ಪ್ರೋಟೀನ್ ಇದೆಯೋ ಇಲ್ಲವೋ ತೋರಿಸುವ ಬಣ್ಣದ ಪರೀಕ್ಷೆ) ಕಡ್ಡಾಯವಾಗಲಿ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಗಡ್ಡೆಯ ತುಂಡು ಹುದುಗಿಸಿದ ಮೇಣದ ಬ್ಲಾಕ್‌ನಿಂದ ನಾಲ್ಕು ತೆಳು ಸೀಳು, ನಾಲ್ಕು ಸ್ಲೈಡ್, ಅಷ್ಟೇ. ಮೊದಲೆರಡು ಜೋಡಿ, ಕೊನೆಯೆರಡು ಜೋಡಿ. ಎಂಎಸ್‌ಎಚ್2 ಜೋಡಿ ಕಾಣದಿದ್ದರೆ ನೇರ ಜೀನ್ ಪರೀಕ್ಷೆಗೆ. ಎಂಎಲ್‌ಎಚ್1 ಜೋಡಿ ಕಾಣದಿದ್ದರೆ ತಾಳಿ; ವಯಸ್ಸಾದವರಲ್ಲಿ ಅದು ವಂಶದ್ದಲ್ಲದೆ ಗಡ್ಡೆಯಲ್ಲೇ ಆದ ಬದಲಾವಣೆ ಇರುವುದು ಹೆಚ್ಚು. ಅಂಥ ಬದಲಾವಣೆಯನ್ನು ಗುರುತಿಸುವ ಬಿಆರ್‌ಎಎಫ್ ಅಥವಾ ಮಿಥೈಲೇಷನ್ ಪರೀಕ್ಷೆ ಮಾಡಿ ಮುಂದುವರಿಯಬೇಕು. ಈ ಮೆಟ್ಟಿಲು ಬಿಟ್ಟರೆ ಜೀನ್ ಪರೀಕ್ಷೆಯ ದುಡ್ಡು ನೀರಲ್ಲಿ ಹೋಮ.

ಇದು ಕೆಡುವುದು ಲ್ಯಾಬಿನಲ್ಲಲ್ಲ, ಅದಕ್ಕೂ ಮುಂಚೆ. ಒಂದಡಿ ಉದ್ದದ ಕರುಳನ್ನು ಉಪ್ಪಿನಕಾಯಿ ಡಬ್ಬಿಯಂಥದ್ದಕ್ಕೆ ತುರುಕಿ, ಮೇಲೆ ಮಾಂಸ ಕೆಡದಂತೆ ಕಾಯುವ ಫಾರ್ಮಲಿನ್ ಎರಡೇ ಬೆರಳು ಹೊಯ್ದರೆ ಒಳಗಿನ ಗಡ್ಡೆ ಕೊಳೆಯುತ್ತದೆ, ಯಾವ ಸ್ಟೇನೂ ಹಿಡಿಯುವುದಿಲ್ಲ. ಶೇಕಡ 10ರ ಬಫರ್ಡ್ ಫಾರ್ಮಲಿನ್ ಮಾಂಸದ ಹತ್ತು ಪಟ್ಟು ಇರಬೇಕು, ಕರುಳನ್ನು ಸೀಳಿ ತೆರೆದಿಡಬೇಕು, 6ರಿಂದ 72 ಗಂಟೆಯೊಳಗೆ ಮುಂದಿನ ಹಂತಕ್ಕೆ ಹೋಗಬೇಕು. ಸ್ಲೈಡಿನಲ್ಲಿ ಗಡ್ಡೆಯ ಪಕ್ಕದ ಆರೋಗ್ಯವಂತ ಕೋಶಗಳಿಗೂ ಬಣ್ಣ ಹಿಡಿದಿಲ್ಲವೆಂದರೆ ಅದರಿಂದ ಲಿಂಚ್ ಎನ್ನಲಾಗದು, ಹೆಚ್ಚಾಗಿ ಅದು ಫಾರ್ಮಲಿನ್ ಬಾಟಲಿಯ ತಪ್ಪು. ಅಂಥ ವರದಿಗೆ ಸಹಿ ಬೀಳಬಾರದು.

ಒಬ್ಬರಲ್ಲಿ ಜೀನ್ ದೋಷ ಖಚಿತವಾದರೆ ಅವರ ಒಡಹುಟ್ಟಿದವರು, ಮಕ್ಕಳು ಪ್ರತಿಯೊಬ್ಬರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅವರಿಗೆ ಬೇಕಾದ್ದು ನೇರಳೆ ಮುಚ್ಚಳದ ಒಂದು ಟ್ಯೂಬ್ ರಕ್ತ, ಆ ಒಂದೇ ದೋಷದ ಹುಡುಕಾಟ. ಇಲ್ಲವೆಂದು ಬಂದವರಿಗೆ ಈ ವಿಶೇಷ ಕೊಲೊನೊಸ್ಕೋಪಿಯ ಗೊಡವೆಯೇ ಇಲ್ಲ. ಆದರೆ "ಕುಟುಂಬ" ಎಂದಾಗ ಆಶಾ ಕಾರ್ಯಕರ್ತೆಯ ಕೈಗೆ ರೇಷನ್ ಕಾರ್ಡ್ ಪಟ್ಟಿ ಕೊಡಬೇಡಿ. ಅದರಲ್ಲಿ ಸೊಸೆ ಇರುತ್ತಾಳೆ, ಮದುವೆಯಾಗಿ ಹೋದ ಮಗಳು ಇರುವುದಿಲ್ಲ. ಜೀನ್ ಹೋಗಿರಬಹುದಾದ್ದು ಮಗಳ ಜೊತೆ. ತಾಯಿಯ ತವರನ್ನೂ ಕೇಳಬೇಕು. "ಕ್ಯಾನ್ಸರ್ ಇತ್ತೇ" ಎಂದರೆ ಇಲ್ಲವೆನ್ನುತ್ತಾರೆ. "50 ತುಂಬುವ ಮೊದಲು ಹೊಟ್ಟೆಯಲ್ಲಿ ಗಡ್ಡೆಯಾಗಿ ಯಾರಾದರೂ ಹೋದರೇ, ಗಡ್ಡೆ ಅಂತ ಯಾರದಾದರೂ ಗರ್ಭಕೋಶ ತೆಗೆಸಿದ್ದಾರೆಯೇ" ಎಂದರೆ ಕಥೆ ಹೊರಬರುತ್ತದೆ.

ಇನ್ನೊಂದು ಮಾತು ಪಶ್ಚಿಮದ ಕೈಪಿಡಿಗಳಲ್ಲಿ ಅಡಿಟಿಪ್ಪಣಿಯಾಗಿರುತ್ತದೆ, ನಮ್ಮಲ್ಲಿ ಮುಖ್ಯ ಪಠ್ಯವಾಗಬೇಕು. ಅಕ್ಕನ ಮಗಳನ್ನು ತರುವುದು, ಅತ್ತೆಯ ಮಗನಿಗೆ ಕೊಡುವುದು ಇಲ್ಲಿ ಇದ್ದದ್ದೇ. ಗಂಡಹೆಂಡತಿ ಇಬ್ಬರಲ್ಲೂ ಅದೇ ದೋಷವಿದ್ದರೆ ಹುಟ್ಟುವ ಪ್ರತಿ ಮಗುವಿಗೂ ತಂದೆತಾಯಿಯಿಂದ ಬಂದ ಆ ಜೀನ್‌ನ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಕ್ಕಳಿಗೆ ಮಿದುಳಿನ ಗಡ್ಡೆ, ರಕ್ತದ ಕ್ಯಾನ್ಸರ್, ಕರುಳಿನ ಕ್ಯಾನ್ಸರ್ ಬಾಲ್ಯದಲ್ಲೇ ಬರುತ್ತವೆ. ಮೈಮೇಲೆ ಕಾಫಿಬಣ್ಣದ ಮಚ್ಚೆಗಳಿರುತ್ತವೆ. ಲಿಂಚ್ ಖಚಿತವಾದ ಮನೆಯಲ್ಲಿ ಒಳಸಂಬಂಧದ ಮದುವೆ ಮಾತು ನಡೆದಿದ್ದರೆ ಮೊದಲು ಇಬ್ಬರ ರಕ್ತಪರೀಕ್ಷೆ ಆಗಲಿ.

ಕೊಲೊನೊಸ್ಕೋಪಿಯ ಸ್ಲಾಟ್‌ಗಳಲ್ಲಿ ಈ ಮನೆಗಳಿಗೆ ಮೀಸಲಿಡಿ. ಹಿಂದಿನ ರಾತ್ರಿ ವಾರ್ಡಿನಲ್ಲಿ ಹಾಸಿಗೆಯನ್ನೂ ಕೊಡಿ. ಕರುಳು ತೊಳೆಯುವ ಪೆಗ್ ದ್ರಾವಣವನ್ನು ಎರಡು ಕಂತಿನಲ್ಲಿ ಕುಡಿಯಬೇಕು, ಎರಡನೆಯದನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಶುರುಮಾಡಬೇಕು. ಬೆಳಗಿನ ಜಾವ ಲೀಟರುಗಟ್ಟಲೆ ಉಪ್ಪುನೀರು ಕುಡಿದು ಕೆಂಪು ಬಸ್ಸಿನಲ್ಲಿ ಎರಡು ಗಂಟೆ ಕೂರಲು ಯಾರಿಂದ ಸಾಧ್ಯ? ಹಾಗಾಗಿ ಎರಡನೇ ಕಂತು ಬಿಟ್ಟೇ ಬರುತ್ತಾರೆ, ಬಲಭಾಗದ ಕರುಳಲ್ಲಿ ಮಲ ಅಂಟಿಕೊಂಡಿರುತ್ತದೆ, ಲಿಂಚ್‌ನ ಚಪ್ಪಟೆ ಪಾಲಿಪ್‌ಗಳು ಹೆಚ್ಚಾಗಿ ಅಡಗುವುದೂ ಅಲ್ಲೇ. ಕೊಳವೆ ಹೊರಗೆಳೆಯುವ ಹೊತ್ತು 6 ನಿಮಿಷಕ್ಕಿಂತ ಕಡಿಮೆಯಾದ ವರದಿಗಳನ್ನು ಲೆಕ್ಕಪರಿಶೋಧನೆಗೆ ತನ್ನಿ.

ಮಾತ್ರೆಯೂ ಇದೆ, ಅಗ್ಗದ್ದು. ಬ್ರಿಟನ್ನಿನ ತಳಿವಿಜ್ಞಾನಿ ಜಾನ್ ಬರ್ನ್ ನೇತೃತ್ವದ ಕ್ಯಾಪ್2 ಪ್ರಯೋಗದಲ್ಲಿ ಲಿಂಚ್ ಇರುವ 861 ಜನ. ದಿನಕ್ಕೆ 600 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ 427 ಮಂದಿಯಲ್ಲಿ 40 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು, ಬರಿಯ ಹುಸಿಮಾತ್ರೆಯ 434 ಮಂದಿಯಲ್ಲಿ 58 ಮಂದಿಗೆ. ಹೊಟ್ಟೆಹುಣ್ಣು ಇದ್ದವರಿಗೆ ಇದು ಅಪಾಯ, ಎಲ್ಲರಿಗೂ ಹಂಚುವ ಮಾತ್ರೆಯಲ್ಲ.

ಕಿಟ್ ಎಲ್ಲಿ ಬೇಕು? ಲಕ್ಷಣ ಇರುವವರಲ್ಲಿ. ಆಶಾ ಕಾರ್ಯಕರ್ತೆ ಮನೆಮನೆಯಲ್ಲಿ ತುಂಬುವ ಸಿಬ್ಯಾಕ್ ನಮೂನೆಯಲ್ಲಿ ಮನೆಯವರ ಬಿಪಿ, ಶುಗರ್, ಹೃದ್ರೋಗ ಕೇಳುತ್ತಾರೆ. ಮಲದಲ್ಲಿ ರಕ್ತ ಹೋಗುತ್ತದೆಯೇ ಎಂಬ ಸಾಲಿಲ್ಲ, ಸೇರಿಸಿ. ರಕ್ತ ಕಂಡವರು ಬಸ್‌ಸ್ಟ್ಯಾಂಡ್ ಗೋಡೆಯ "ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ" ಬೋರ್ಡಿನ ಹಿಂದೆ ಹೋಗಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಪಿಎಚ್‌ಸಿಯಲ್ಲಿ ಒಂದು ಗ್ಲೌಸ್, ಒಂದಿಷ್ಟು ಜೆಲ್ಲಿ, ಒಂದು ನಿಮಿಷ. ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ತಾಗುತ್ತದೆ. ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶದ ಕೊರತೆಯಿಂದ ರಕ್ತ ಕಡಿಮೆಯಾಗಿದ್ದರೆ ಬರೀ ಐರನ್ ಮಾತ್ರೆ ಕೊಟ್ಟು ಕಳಿಸಬಾರದು. ಮಲವಿಸರ್ಜನೆಯ ರೀತಿ ಬದಲಾದವರಿಗೆ, ಬೆರಳಿಗೆ ಏನೂ ಸಿಗದವರಿಗೆ ಫಿಟ್ ಕಿಟ್ (ಮಲದಲ್ಲಿನ ಕಾಣದ ರಕ್ತ ಹಿಡಿಯುವ ಕಿಟ್) ಕೊಡಿ.

ಕೊಡುವಾಗ ಹೇಳಿಕೊಡಿ. ನಮ್ಮ ಬೇಸಿನ್‌ಗಳಲ್ಲಿ ಮಲ ನೇರ ನೀರಿಗೆ ಬೀಳುತ್ತದೆ, ಹಳೆ ಪೇಪರ್ ಹಾಸಿಕೊಳ್ಳಬೇಕು. ಕಡ್ಡಿಯ ಗೆರೆಗಳು ತುಂಬುವಷ್ಟು, ನಾಲ್ಕೈದು ಕಡೆ ಕೆರೆದರೆ ಸಾಕು. ಹೆಚ್ಚು ಬಳಕೆಯಲ್ಲಿರುವ ಒಂದು ಕಿಟ್ಟಿಗೆ ಬೇಕಾದ್ದು 10 ಮಿಲಿಗ್ರಾಂ, ಅಂದರೆ ಅಕ್ಕಿಕಾಳಿನ ಅರ್ಧ ತೂಕ. ಬಿಸಿಲಿಗೆ ರಕ್ತದ ಹಿಮೋಗ್ಲೋಬಿನ್ ಕೆಟ್ಟು ಪಾಸಿಟಿವ್ ಇದ್ದದ್ದೂ ನೆಗೆಟಿವ್ ಆಗಬಹುದು. ಇಟಲಿಯ ಬೇಸಿಗೆಯಲ್ಲೇ ಹೀಗಾದದ್ದು ದಾಖಲಾಗಿದೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಸಬ್‌ಸೆಂಟರ್ ಕಿಟಕಿಯಲ್ಲಿ ಮೂರು ದಿನ ಕೂತ ಟ್ಯೂಬನ್ನು ನಂಬುವುದು ಬೇಡ. ಲಸಿಕೆಯ ಐಸ್ ಪೆಟ್ಟಿಗೆಯಲ್ಲಿ ಮಲದ ಮಾದರಿ ಇಡಬಾರದು, ಬೇರೆಯೇ ಐಸ್ ಪೆಟ್ಟಿಗೆ ಬೇಕು. ಅದರಲ್ಲಿ ಮುಚ್ಚಿದ ಡಬ್ಬಿಯಲ್ಲಿಟ್ಟು ತಾಲ್ಲೂಕು ಲ್ಯಾಬಿಗೆ ಕಳಿಸಲು ಒಂದು ಸುತ್ತೋಲೆ ಹೊರಡಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಜೀರ್ಣಾಂಗ ಚಿಕಿತ್ಸೆ, ರೋಗಶಾಸ್ತ್ರ ಮತ್ತು ಸಮುದಾಯ ಆರೋಗ್ಯ ಕ್ಷೇತ್ರದ ಕೆಲವರು