ಕುರಿಗಾಹಿಯನ್ನೂ ಹೆಸರಿಟ್ಟು ಕರೆಯೋಣ

ಮಳೆ, ಬರ, ಪರಿಹಾರದ ಸುದ್ದಿಗಳಲ್ಲೆಲ್ಲ ‘ರೈತ’ ಎಂಬ ಒಂದೇ ಪದ ಬಳಕೆಯಾಗುತ್ತಿದೆ. ಇದರಿಂದ ದನ, ಕುರಿ ಸಾಕುವವರು ಸುದ್ದಿಯಿಂದಲೇ ಮರೆಯಾಗುತ್ತಿದ್ದಾರೆ.

ರೈತ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ನೇಗಿಲು ಮತ್ತು ಹೊಲ, ಅಲ್ವಾ? ಆದರೆ ಈ ಪದದ ಬೇರು ಅರಬ್ಬಿಯ ‘ರಇಯ್ಯತ್’. ಮೇಯುವ ಮಂದೆ ಎಂಬ ಅರ್ಥವೂ ಅದಕ್ಕಿತ್ತು. ಆಮೇಲೆ ಅದು ಪ್ರಜೆ, ಕೊನೆಗೆ ಉಳುವವ ಎಂದಾಯಿತು. ಮಂದೆಯಿಂದ ಹುಟ್ಟಿದ ಪದದಲ್ಲಿ ಈಗ ಮಂದೆ ಕಾಯುವವರಿಗೇ ಜಾಗವಿಲ್ಲ ಎನ್ನುವುದು ನನಗೆ ತುಂಬಾ ನೋವಿನ ಸಂಗತಿ.

ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಕುರಿಗಾಹಿ, ದನಗಾಹಿ, ಗೋವಳ, ಬೇಸಾಯಗಾರ, ಆರಂಬಗಾರ, ಗೇಣಿದಾರ, ಕೃಷಿ ಕೂಲಿ ಎಂದು ಒಂದೊಂದು ದುಡಿಮೆಗೂ ಒಂದೊಂದು ಹೆಸರಿದೆ. ಇವರ ಕಷ್ಟಗಳೂ ಬೇರೆ ಬೇರೆ. ಬರ ಬಂದರೆ ಹೊಲದವನಿಗೆ ಬೆಳೆ ಹೋಗುತ್ತದೆ. ಕುರಿಗಾಹಿಗೆ ಮೇವು, ನೀರು ಎರಡೂ ಹೋಗಿ, ಮಂದೆ ಹೊಡೆದುಕೊಂಡು ಊರು ಬಿಡಬೇಕಾಗುತ್ತದೆ. ಗೇಣಿದಾರನ ಹೆಸರಿನಲ್ಲಿ ಜಮೀನೇ ಇರುವುದಿಲ್ಲ. ಎಲ್ಲರನ್ನೂ ಸುಮ್ನೆ ‘ರೈತರು’ ಎಂದರೆ ಈ ವ್ಯತ್ಯಾಸ ಕಾಣುವುದಾದರೂ ಹೇಗೆ?

ವಿಶ್ವಸಂಸ್ಥೆ 2018ರಲ್ಲಿ ಒಪ್ಪಿದ ರೈತರ ಹಕ್ಕುಗಳ ಘೋಷಣೆಯಲ್ಲಿ ಪಶುಪಾಲಕರು, ಮೀನುಗಾರರು, ಭೂಮಿ ಇಲ್ಲದ ಕೂಲಿಗಳೂ ಸೇರಿದ್ದಾರೆ. 2026ನ್ನು ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದೂ, ರೈತ ಮಹಿಳೆಯರ ವರ್ಷವೆಂದೂ ಅದು ಘೋಷಿಸಿದೆ.

ಪತ್ರಿಕೆಯವರು ವರದಿ ಬರೆಯುವಾಗ ಯಾರ ಮಾತು ಆಡುತ್ತಿದ್ದೇವೋ ಅವರ ಕಸುಬಿನ ಹೆಸರನ್ನೇ ಬಳಸಲಿ. ಎಲ್ಲರಿಗೂ ಸೇರಿದ ಸುದ್ದಿಯಾದರೆ ‘ರೈತರು ಮತ್ತು ಪಶುಪಾಲಕರು’ ಎಂದು ಬರೆಯಲಿ.

– ಓದುಗ